ಘಟ್ಟದ ಬುಡದ ಮನೆಗೆ ಯಾವ ಟರ್ಬೈನ್ ಹೊಂದುತ್ತದೆ?

ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದೆ ಕಳೆಯುವ ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯ ಕೃಷಿಕರು ಈಚೆಗೆ ನನ್ನಲ್ಲಿ ವಿಚಾರಿಸುವುದು ಹೊಳೆಯ ಹರಿವಿಗೇ ಇಳಿಸಿಬಿಡುವ ಟರ್ಬೈನಿನ ಬಗ್ಗೆ. ಕಟ್ಟ ಬೇಡ, ಪೈಪು ಬೇಡ ಎಂಬುದೇ ಅದರ ಆಕರ್ಷಣೆ. ಆದರೆ ನಮ್ಮ ಹೊಳೆಗಳಿಗೆ ಅದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹರಿಯುವ ನೀರಿನಲ್ಲಿರುವ ಶಕ್ತಿ ವೇಗದ ಘನವನ್ನು ಅನುಸರಿಸುತ್ತದೆ. ಸೆಕೆಂಡಿಗೆ 1 ಮೀಟರ್ ವೇಗವಿದ್ದರೆ ಒಂದು ಚದರ ಮೀಟರ್ ಅಡ್ಡಕೊಯ್ತದಲ್ಲಿ ಸಿಗುವುದು 500 ವ್ಯಾಟ್. ಸಣ್ಣ ಯಂತ್ರವೊಂದು ಅದರ ಮೂರನೆಯ ಒಂದು ಭಾಗವನ್ನು ಹಿಡಿದರೆ ಅದೇ ದೊಡ್ಡದು. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಅಲಾಸ್ಕಾದ ಇಗಿಯುಗಿಗ್ ಎಂಬ ಪುಟ್ಟ ಹಳ್ಳಿ ಡೀಸೆಲ್ ಉಳಿಸಲೆಂದು 2019ರಲ್ಲಿ ಕ್ವಿಚಾಕ್ ನದಿಗೆ ಇಂಥ ಯಂತ್ರವನ್ನು ಇಳಿಸಿತು. ದೊಡ್ಡ ಇಲಿಯಾಮ್ನಾ ಸರೋವರದಿಂದ ಹೊರಡುವ ನದಿಯದು, ಹಾಗಾಗಿ ಹರಿವು ಹೆಚ್ಚು ಏರಿಳಿಯದು. ನಮ್ಮ ಸೀತಾ, ಸ್ವರ್ಣಾ ನದಿಗಳಾದರೋ ಆಟಿ ತಿಂಗಳ ಮಳೆಯಲ್ಲಿ ಮರದ ದಿಮ್ಮಿಗಳನ್ನೇ ಹೊತ್ತು ತರುತ್ತವೆ, ಬೇಸಗೆಯಲ್ಲಿ ಗುಂಡಿಗಳಲ್ಲಷ್ಟೇ ನಿಲ್ಲುತ್ತವೆ.

ನಮಗಿರುವ ಸಂಪತ್ತು ಹೊಳೆಯ ವೇಗವಲ್ಲ, ಗುಡ್ಡದ ಎತ್ತರ. ತೋಟದ ಮೇಲಿನ ತೋಡಿನಿಂದ ಸೆಕೆಂಡಿಗೆ 5 ಲೀಟರ್ ನೀರನ್ನು ಪೈಪಿನಲ್ಲಿ 20 ಮೀಟರ್ ಕೆಳಗಿಳಿಸಿದರೆ ಸುಮಾರು 980 ವ್ಯಾಟ್ ಶಕ್ತಿ ದೊರೆಯುತ್ತದೆ. ನಷ್ಟಗಳೆಲ್ಲ ಕಳೆದು ಅರ್ಧ ಉಳಿದರೂ ಹಗಲಿರುಳು ಓಡುವುದರಿಂದ ದಿನಕ್ಕೆ 11 ಯೂನಿಟ್‌ಗೂ ಮೇಲಾಗುತ್ತದೆ. ದೀಪ, ಫ್ಯಾನು, ಫ್ರಿಜ್, ಮಿಕ್ಸಿಗಳಿಗೆ ಅದು ಧಾರಾಳ ಸಾಕು. ಮೋಡ ಕವಿದು ಸೋಲಾರ್ ಸೋಲುವ ತಿಂಗಳುಗಳಲ್ಲೇ ತೋಡು ತುಂಬಿರುತ್ತದೆ ಎಂಬುದು ಈ ಪ್ರದೇಶದ ಭಾಗ್ಯ; ಬೇಸಗೆಯ ಪಾಲನ್ನು ಸೋಲಾರಿಗೆ ಬಿಡಬಹುದು.

ಹಣ ವ್ಯರ್ಥವಾಗುವುದು ಹೆಚ್ಚಾಗಿ ಪೈಪಿನಲ್ಲಿ. ಮೇಲಿನ ಲೆಕ್ಕದ ನೀರನ್ನೇ 2 ಇಂಚು ಒಳವ್ಯಾಸದ ಪೈಪಿನಲ್ಲಿ 100 ಮೀಟರ್ ದೂರ ತಂದರೆ ಘರ್ಷಣೆಯೊಂದೇ 20 ಮೀಟರ್ ಎತ್ತರದ ಅರ್ಧದಷ್ಟನ್ನು ನುಂಗುತ್ತದೆ; 3 ಇಂಚಿನದಾದರೆ ನಷ್ಟ 2 ಮೀಟರಿಗೂ ಕಡಿಮೆ. ಟರ್ಬೈನಿಗೆ ಲಕ್ಷ ಸುರಿದು ಪೈಪಿನಲ್ಲಿ ಉಳಿತಾಯ ಮಾಡಿದ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆದ್ದರಿಂದ ಮಾರಾಟಗಾರರನ್ನು ಕರೆಯುವ ಮೊದಲು ಮೇಸ್ತ್ರಿಗಳು ಬಳಸುವ ಲೆವೆಲ್ ಪೈಪಿನಿಂದ ಎತ್ತರವನ್ನೂ, ಬಕೆಟ್ ಮತ್ತು ಗಡಿಯಾರದಿಂದ ಹರಿವನ್ನೂ ನೀವೇ ಅಳೆಯಿರಿ. 20 ಲೀಟರಿನ ಬಕೆಟ್ 4 ಸೆಕೆಂಡಿನಲ್ಲಿ ತುಂಬಿದರೆ ಅದು ಸೆಕೆಂಡಿಗೆ 5 ಲೀಟರ್. ಜುಲೈಯಲ್ಲಿ ಒಮ್ಮೆ ಅಳೆದರೆ ಸಾಲದು, ಡಿಸೆಂಬರಿನಲ್ಲೂ ಅಳೆಯಬೇಕು.

ಮನೆಯ ಬಳಕೆ ಇಳಿದಾಗ ಯಂತ್ರ ಹದ್ದುಮೀರಿ ತಿರುಗದಂತೆ ಕಂಟ್ರೋಲರ್ ಹೆಚ್ಚುವರಿ ವಿದ್ಯುತ್ತನ್ನು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ಬಚ್ಚಲಿನ ನೀರು ಕಾಯಿಸಲು ಜೋಡಿಸಿಕೊಂಡರೆ ಸೌದೆಯೂ ಉಳಿಯುತ್ತದೆ. ಟರ್ಬೈನ್ ನೀರನ್ನು ಖರ್ಚು ಮಾಡುವುದಿಲ್ಲವಾದರೂ, ಹೊರಬಿದ್ದ ನೀರು ಕೆಳಗಿನ ತೋಟದವರು ನೀರು ತಿರುಗಿಸಿಕೊಳ್ಳುವ ಜಾಗಕ್ಕಿಂತ ಮೇಲೆಯೇ ಮರಳಿ ತೋಡನ್ನು ಸೇರುವಂತೆ ಯಂತ್ರದ ಸ್ಥಳವನ್ನು ನಿಶ್ಚಯಿಸಬೇಕು.