ದ್ರಾಕ್ಷಿ ತೋಟಕ್ಕೂ ಒಂದು ಚಕ್ಕುಬಂದಿ

ಕಳೆದ ತಿಂಗಳು ಕಟಪಾಡಿ ಕಡೆಯ ರೈತರೊಬ್ಬರು ಉಡುಪಿಯ ನನ್ನ ಆಫೀಸಿಗೆ ಬಂದು ಮೇಜಿನ ಮೇಲೆ ಎರಡು ಗುಳ್ಳ, ಅಂದರೆ ನಮ್ಮ ಕಡೆಯ ಬದನೆಕಾಯಿ, ಇಟ್ಟರು. ಎರಡೂ ಅದೇ ತಿಳಿಹಸಿರು, ಅದೇ ಬಿಳಿ ಗೆರೆ, ತೊಟ್ಟಿನಲ್ಲಿ ಅದೇ ಮುಳ್ಳು. "ಒಂದು ಮಟ್ಟು ಊರಿನದ್ದು. ಇನ್ನೊಂದು ತೋಡಿನ ಆಚೆ ನನ್ನ ಗದ್ದೆಯದ್ದು. ಬೀಜ ಒಂದೇ. ಹೆಸರು ಮಾತ್ರ ಯಾಕೆ ಬೇರೆ?" ಅಂದರು.

ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ, ಅಂದರೆ ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತು, ಸಿಕ್ಕಿದೆ. ನಾನು ಸರ್ವೆಯವನು. ದಿನವಿಡೀ ಗಡಿಕಲ್ಲು ಹುಡುಕುವುದೇ ನನ್ನ ಕೆಲಸ. ಆದರೂ ಅವರ ಪ್ರಶ್ನೆಗೆ ನೆನಪಾದದ್ದು ನಮ್ಮ ನಕ್ಷೆಗಳಲ್ಲ, ವೈನ್ ದ್ರಾಕ್ಷಿ ಬೆಳೆಯುವ ಊರುಗಳು. ಈ ಜಗಳ ಅಲ್ಲಿ ತುಂಬ ಹಳೆಯದು.

ಪೋರ್ಚುಗಲ್‌ನ ಡೌರೊ ಕಣಿವೆಯನ್ನೇ ನೋಡಿ. ಅಲ್ಲಿನ ಪೋರ್ಟ್ ವೈನಿಗೆ ಇಂಗ್ಲೆಂಡಿನಲ್ಲಿ ಬೇಡಿಕೆ ಬಂತು. ಬೆನ್ನಿಗೇ ಕಲಬೆರಕೆಯೂ ಬಂತು. 1756ರಲ್ಲಿ ಸರಕಾರ ಗಡಿ ಗುರುತಿಸಲು ಹೊರಟಿತು. ಆಮೇಲೆ ಕಣಿವೆಯ ಸುತ್ತ ಮುನ್ನೂರಕ್ಕೂ ಜಾಸ್ತಿ ಗ್ರಾನೈಟ್ ಕಂಬಗಳನ್ನು ನೆಟ್ಟರು. ನಮ್ಮ ಬಾಂದುಕಲ್ಲಿನ ಹಾಗೆಯೇ. ಕೆಲವು ಇವತ್ತಿಗೂ ನಿಂತಿವೆ.

ಫ್ರಾನ್ಸಿನ ಷಾಂಪೇನ್ ಕಥೆ ಇಷ್ಟು ಸುಲಭದ್ದಲ್ಲ. ಅಲ್ಲಿ ಕಂಪನಿಗಳು ಹೊರಗಿನ ಅಗ್ಗದ ದ್ರಾಕ್ಷಿ ತಂದು ಅದೇ ಹೆಸರಲ್ಲಿ ಮಾರುತ್ತಿವೆ ಎಂದು ಅಲ್ಲಿನ ಮಾರ್ನ್ ಜಿಲ್ಲೆಯ ರೈತರು ಸಿಟ್ಟಾಗಿದ್ದರು. 1908ರಲ್ಲಿ ಸರಕಾರ ಗೆರೆ ಎಳೆಯಿತು. ಪಕ್ಕದ ಓಬ್ ಜಿಲ್ಲೆ ಹೊರಗೆ ಬಿತ್ತು. ಓಬ್‌ನವರ ವಾದ ಕೇಳಿ: ಹಳೆಯ ಷಾಂಪೇನ್ ಪ್ರಾಂತ್ಯದ ರಾಜಧಾನಿ ಟ್ರ್ವಾ ಇರುವುದೇ ನಮ್ಮಲ್ಲಿ, ನಾವು ಹೊರಗಿನವರು ಹೇಗೆ? ಮಾರ್ನ್‌ನವರು ಮಣ್ಣು ತೋರಿಸಿದರು. ತಮ್ಮದು ಸೀಮೆಸುಣ್ಣದ ನೆಲ, ಅವರದ್ದು ಬೇರೆ. ಇಬ್ಬರು ಹೇಳಿದ್ದೂ ನಿಜ. 1911ರಲ್ಲಿ ಓಬ್‌ನವರು ಬೀದಿಗಿಳಿದರು. ಸರಕಾರ ಅವರ ಕಡೆ ವಾಲಿತು ಅನಿಸಿದಾಗ ಮಾರ್ನ್‌ನ ಆಯಿ ಊರಲ್ಲಿ ವೈನ್ ಮನೆಗಳಿಗೆ ಬೆಂಕಿ ಬಿತ್ತು. ಓಬ್‌ಗೆ 'ಎರಡನೇ ವಲಯ' ಎಂಬ ಅರ್ಧ ಹೆಸರು ಕೊಟ್ಟರು. ಪೂರ್ತಿ ಹೆಸರು ಬಂದದ್ದು 1927ರಲ್ಲಿ. ಒಂದು ಗೆರೆ ಸರಿಮಾಡಲು ಹತ್ತೊಂಬತ್ತು ವರ್ಷ!

ಆಸ್ಟ್ರೇಲಿಯಾದ ಕೂನವಾರಾದಲ್ಲೂ ಇದೇ ಪ್ರಶ್ನೆ. ಸುಣ್ಣಕಲ್ಲಿನ ಮೇಲಿನ ಕೆಂಪು ಮಣ್ಣಿನ ಪಟ್ಟಿಗೆ ಹೆಸರಾದ ಜಾಗ ಅದು. ಕೋರ್ಟು ಹತ್ತಿ ಮುಗಿಯುವಾಗ ಕೆಂಪು ಮಣ್ಣಲ್ಲದ ತೋಟಗಳೂ ಗಡಿಯ ಒಳಗೆ ಬಂದಿದ್ದವು.

ಅಮೆರಿಕದ ಪದ್ಧತಿ ನನಗೆ ಜಾಸ್ತಿ ಇಷ್ಟ. ಅಲ್ಲಿ ಗಡಿಯನ್ನು ಮಾತಿನಲ್ಲೂ ಬರೆದು ಕೊಡಬೇಕು. ಇಂಥ ಗುಡ್ಡದ ತುದಿಯಿಂದ ಹೊರಟು, ಇಂಥ ಹಳ್ಳದ ಗುಂಟ ಹೋಗಿ, ಇಂಥ ರಸ್ತೆ ದಾಟಿ, ಹೊರಟಲ್ಲಿಗೇ ವಾಪಸ್. ನಮ್ಮ ಕ್ರಯಪತ್ರದ ಚಕ್ಕುಬಂದಿಯೇ ಅಲ್ವಾ? ಹವೆ, ಮಣ್ಣು, ಎತ್ತರ ಅಕ್ಕಪಕ್ಕಕ್ಕಿಂತ ಹೇಗೆ ಬೇರೆ ಎಂದೂ ತೋರಿಸಬೇಕು. 1980ರಲ್ಲಿ ಮಿಸೌರಿಯ ಆಗಸ್ಟಾ ಹೀಗೆ ಮೊದಲು ಮಾನ್ಯತೆ ಪಡೆಯಿತು.

ನಮ್ಮ ಜಿಐ ಕಾನೂನು 1999ರದ್ದು. ಜಾರಿಯಾದದ್ದು 2003ರಲ್ಲಿ, ಕಚೇರಿ ಚೆನ್ನೈನಲ್ಲಿ. ಅರ್ಜಿಯ ಜೊತೆ ಪ್ರದೇಶದ ದೃಢೀಕೃತ ನಕ್ಷೆ ಕೊಡಲೇಬೇಕು. ಅಲ್ಲಿ ಸುಮ್ನೆ ತಾಲೂಕಿನ ಗೆರೆ ಹಾಕಿಬಿಡುವ ಆಸೆ ಯಾರಿಗೂ ಬರುತ್ತದೆ. ಕೆಲಸ ಬೇಗ ಮುಗಿಯುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ ಅದಕ್ಕಿಂತ ಎಷ್ಟು ಹಿಂದಿನವು! ಗಿಡದ ಬೇರಿಗೆ ತಾಲೂಕು ಗೊತ್ತಿಲ್ಲ. ನಕ್ಷೆ ಬರೆಯುವ ಮೊದಲು ಗದ್ದೆಯ ಹುಣಿಯಲ್ಲಿ ನಡೆಯಬೇಕು, ಗುಂಡಿ ತೋಡಬೇಕು, ಹಿರಿಯರನ್ನು ಕೇಳಬೇಕು.

ಹಾಗಾಗಿ ಶನಿವಾರ ಆ ಕಟಪಾಡಿಯ ರೈತರ ಜೊತೆ ಹೋದೆ. ತೋಡಿನ ಎರಡೂ ಬದಿಗೆ ಒಂದೂವರೆ ಅಡಿ ಗುಂಡಿ ತೋಡಿದೆವು. ಮಟ್ಟುವಿನ ಬದಿಯ ಹೊಯಿಗೆ ಮಣ್ಣು ಮುಷ್ಟಿ ಬಿಟ್ಟ ಕೂಡಲೇ ಉದುರಿತು. ಅವರ ಬದಿಯದ್ದು ಮೇಲೆ ಹಾಗೆಯೇ ಇತ್ತು. ಅರ್ಧ ಅಡಿ ಇಳಿದ ಮೇಲೆ ಜೇಡಿ ಸಿಕ್ಕಿತು, ಅಂಗೈಗೆ ಅಂಟಿಕೊಂಡಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಅಜ್ಜನೂ ಇಲ್ಲಿ ಗುಳ್ಳವನ್ನೇ ಹಾಕುತ್ತಿದ್ದರು" ಅಂದರು.

ಓಬ್‌ನವರು ಹೇಳಿದ್ದೂ ಇದೇ ಥರದ ಮಾತು. ಅಜ್ಜನ ಕಾಲದ ಗೇಣಿ ಚೀಟಿ, ಮಾರಿದ ಲೆಕ್ಕದ ಪುಸ್ತಕ ಏನಿದ್ದರೂ ಹುಡುಕಿ ತನ್ನಿ ಅಂದೆ. ಮಣ್ಣಿನ ಎರಡು ಪೊಟ್ಟಣ ನನ್ನ ಮೇಜಿನ ಮೇಲಿವೆ. ಸೋಮವಾರ ಲ್ಯಾಬಿಗೆ ಕೊಡುತ್ತೇನೆ.