ಕರೆಂಟಿಲ್ಲದ ಕುಣಿಕೆ

ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಕುಂಬಾರರ ಕೆಲಸ ನೋಡಿದ್ದೀರಾ? ತಿಗರಿಯ ಮೇಲೆ ಮಡಕೆ ಸಿದ್ಧವಾದ ಕೂಡಲೇ ಬುಡಕ್ಕೆ ದಾರ ಸುತ್ತಿ ಎಳೆಯುತ್ತಾರೆ. ಹಸಿ ಮಣ್ಣು ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆದ ಪಾಲಿಪ್ ತೆಗೆಯುವುದೂ ಹೆಚ್ಚುಕಮ್ಮಿ ಹೀಗೇ.

ಪಾಲಿಪ್ ಅಂದರೆ ಪುಟ್ಟ ಗಂಟು. ಎಷ್ಟೋ ಗಂಟುಗಳು ಸುಮ್ನೆ ಇದ್ದುಬಿಡುತ್ತವೆ. ಅಡಿನೋಮಾದಂಥ ಜಾತಿಯ ಕೆಲವು ಮಾತ್ರ ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗಬಹುದು. ಹಾಗಾಗಿ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡುವಾಗ ಕಂಡರೆ ಸಾಮಾನ್ಯವಾಗಿ ಅಲ್ಲೇ ತೆಗೆಯುತ್ತಾರೆ. ಯಾವುದರಿಂದ?

ಇಕ್ಕಳದಂಥ ಫೋರ್ಸೆಪ್ಸ್ ಕಚ್ಚಿ ಕೀಳುತ್ತದೆ. ಒಂದೆರಡು ಮಿಲಿಮೀಟರಿನ ಗಂಟಿಗೆ ಸರಿ. ಅದಕ್ಕಿಂತ ದೊಡ್ಡದಾದರೆ ಚೂರುಪಾರು ಉಳಿದು ಮತ್ತೆ ಚಿಗುರಬಹುದು. ಅಲ್ಲಿಗೆ ಸ್ನೇರ್ ಬೇಕು. ಅದು ತಂತಿಯ ಕುಣಿಕೆ. ಪಾಲಿಪ್‌ಗೆ ತೊಡಿಸಿ ಬಿಗಿದರೆ ಆಯಿತು. 1969ರಲ್ಲಿ ನ್ಯೂಯಾರ್ಕ್‌ನ ವೈದ್ಯರಾದ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಇಂಥ ತಂತಿಯಲ್ಲಿ ಕರೆಂಟ್ ಹರಿಸಿ ಪಾಲಿಪ್ ಕತ್ತರಿಸಿದರು. ಆಮೇಲೆ ಬಹುಕಾಲ ಅದೇ ರೂಢಿಯಾಯಿತು. ಸುಟ್ಟರೆ ರಕ್ತನಾಳ ಮುಚ್ಚಿಕೊಳ್ಳುತ್ತದೆ, ರಕ್ತ ಬರಲ್ಲ. ಸರಿಯಾದ ಲೆಕ್ಕ ಅಲ್ವಾ?

ಲೆಕ್ಕ ತಪ್ಪುವುದು ಆಮೇಲೆ. ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಬಿಸಿ ಮೇಲ್ಪದರದಲ್ಲೇ ನಿಲ್ಲದೆ ಕೆಳಕ್ಕೂ ಇಳಿಯುತ್ತದೆ. ಸುಟ್ಟ ಗಾಯದ ಹಕ್ಕಳೆ ಕೆಲವು ದಿನಗಳ ನಂತರ ಉದುರುತ್ತದೆ, ಒಮ್ಮೊಮ್ಮೆ ಎರಡು ವಾರ ಕಳೆದ ಮೇಲೂ. ಅಡಿಯ ನಾಳ ಬಾಯಿ ಬಿಟ್ಟರೆ ರಕ್ತ ಹರಿಯುತ್ತದೆ. ಆ ಹೊತ್ತಿಗೆ ರೋಗಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ ಗತಿ ಏನು?

ಕರೆಂಟಿಲ್ಲದೆ, ತೆಳ್ಳನೆಯ ತಂತಿಯಿಂದ ಕತ್ತರಿಸಿದರೆ ರಕ್ತ ಆಗಲೇ ಜಿನುಗುತ್ತದೆ, ವೈದ್ಯರ ಕಣ್ಣೆದುರೇ. ಬಹುತೇಕ ತಾನಾಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಲಿಪ್ ಹಾಕಬಹುದು. ನೋಡಲು ಹಳೇ ಕಾಲದ್ದು ಅನ್ನಿಸುವ ವಿಧಾನವೇ ಇಲ್ಲಿ ಜಾಸ್ತಿ ಜಾಣತನದ್ದು. 10 ಮಿಲಿಮೀಟರಿಗಿಂತ ಚಿಕ್ಕ ಪಾಲಿಪ್‌ಗಳಿಗೆ ಇದನ್ನೇ ಬಳಸಿ ಎಂದು ಯುರೋಪಿನ ಎಂಡೋಸ್ಕೋಪಿ ವೈದ್ಯರ ಸಂಘ 2017ರ ಮಾರ್ಗಸೂಚಿಯಲ್ಲಿ ಹೇಳಿತು. ಸುತ್ತಲಿನ ಒಂಚೂರು ಆರೋಗ್ಯವಂತ ಪದರವನ್ನೂ ಸೇರಿಸಿಯೇ ಕತ್ತರಿಸುತ್ತಾರೆ.

ಹಾಗಂತ ಕರೆಂಟಿಗೆ ಕೆಲಸ ತಪ್ಪಿಲ್ಲ. ಬದನೆಕಾಯಿಯ ಹಾಗೆ ತೊಟ್ಟಿರುವ ದೊಡ್ಡ ಪಾಲಿಪ್‌ನ ತೊಟ್ಟಿನೊಳಗೆ ದಪ್ಪ ರಕ್ತನಾಳ ಇರುತ್ತದೆ. ಅಲ್ಲಿ ಸುಡಲೇಬೇಕು. ಅಗಲಕ್ಕೆ ಹರಡಿದ ಚಪ್ಪಟೆ ಪಾಲಿಪ್ ಆದರೆ ಮೊದಲು ಅದರಡಿ ಸಲೈನ್ ಚುಚ್ಚುತ್ತಾರೆ. ಅದು ಪೂರಿಯಂತೆ ಉಬ್ಬಿ ಮೇಲೇಳುತ್ತದೆ, ಕುಣಿಕೆಗೂ ಕರುಳಿನ ಗೋಡೆಗೂ ನಡುವೆ ನೀರಿನ ದಿಂಬು ಸಿಗುತ್ತದೆ. ಉಬ್ಬದೇ ಹೋದರೆ? ಹಿಂದೆ ಅಲ್ಲೇ ಬಯಾಪ್ಸಿ ಮಾಡಿದ ಗಾಯದ ಕಲೆ ಹಿಡಿದುಕೊಂಡಿರಬಹುದು. ಇಲ್ಲವೇ ಕ್ಯಾನ್ಸರ್ ಆಗಲೇ ಆಳಕ್ಕಿಳಿದಿರಬಹುದು. ಆಗ ವೈದ್ಯರು ಕುಣಿಕೆ ಬಿಗಿಯುವ ಮೊದಲು ಕೈ ತಡೆಯುತ್ತಾರೆ.