ನಾದ ಅಡಗಿದ ಮೇಲೂ ಓಡುವ ಬೆರಳು

ವೀಣೆ ಕಲಿಯಲು ಬರುವ ಮಕ್ಕಳಿಗೆ ನಾನು ಆಗಾಗ ಚೀನಾದ ಗುಚಿನ್ ಎಂಬ ತಂತಿವಾದ್ಯದ ವಾದನ ಕೇಳಿಸುತ್ತೇನೆ. ಎರಡು ನಿಮಿಷ ಆಗುವುದರೊಳಗೆ ಯಾರಾದರೂ ಕೇಳುತ್ತಾರೆ: "ಮಿಸ್, ಸೌಂಡ್ ಹೋಯ್ತಾ?"

ಹೋಗಿರುವುದಿಲ್ಲ. ಮೀಟಿದ ತಂತಿಯ ನಾದ ಅಡಗಿದೆ, ಆದರೆ ಎಡಗೈ ಬೆರಳು ಇನ್ನೂ ಜಾರುತ್ತಿದೆ. ತಂತಿಗೆ ಬೆರಳು ಉಜ್ಜುವ ಸಣ್ಣ ಸದ್ದಷ್ಟೇ ಉಳಿದಿದೆ. ಸ್ವರ ಎಲ್ಲಿಗೆ ಹೋಗಿ ಸೇರಿತು ಎನ್ನುವುದನ್ನು ಕೇಳುವವರು ಮನಸ್ಸಿನಲ್ಲೇ ತುಂಬಿಕೊಳ್ಳಬೇಕು. ನಾವೂ ವೀಣೆಯಲ್ಲಿ ಜಾರು ನುಡಿಸುತ್ತೇವೆ, ಅಲ್ವಾ? ಆದರೆ ಸಾಮಾನ್ಯವಾಗಿ ನಾದ ಪೂರ್ತಿ ಅಡಗುವ ಮೊದಲೇ ಮತ್ತೆ ಮೀಟುತ್ತೇವೆ.

ಗುಚಿನ್‌ಗೆ ಏಳು ತಂತಿ. ವೀಣೆಗಿರುವಂಥ ಮೆಟ್ಟಿಲುಗಳಿಲ್ಲ, ಬೆರಳಿಡುವ ಜಾಗ ಗುರುತಿಸಲು ಹಲಗೆಯ ಅಂಚಿನಲ್ಲಿ 13 ಚುಕ್ಕೆಗಳಿವೆ, ಅಷ್ಟೇ. ಹಿಂದೆ ತಂತಿಗಳು ರೇಷ್ಮೆಯವು. ದನಿ ತುಂಬ ಮೆತ್ತಗೆ.

ಈ ಮೌನ ನನಗೆ ಸರಿಯಾಗಿ ಅರ್ಥವಾದದ್ದು ಚೀನೀ ಮಸಿಚಿತ್ರ ನೋಡಿದಾಗ. ಕುಂಚದ ಮಸಿ ಒಣಗುತ್ತಾ ಬಂದಾಗ ಬೀಸಿ ಎಳೆದ ಗೆರೆ ಬಿರಿಯುತ್ತದೆ. ನಡುನಡುವೆ ಹಾಳೆಯ ಬಿಳುಪು ಇಣುಕುತ್ತದೆ. ಅದಕ್ಕೆ ಅವರು 'ಹಾರುವ ಬಿಳುಪು' ಎನ್ನುತ್ತಾರೆ. ಮಸಿ ತೀರಿದರೂ ಕೈಯ ಓಟ ಗೆರೆಯಲ್ಲಿ ಕಾಣುತ್ತಲೇ ಇರುತ್ತದೆ. ಗುಚಿನ್ ನುಡಿಸುವವರ ಬೆರಳು ಮಾಡುವುದೂ ಇದನ್ನೇ. ಸಾಂಗ್ ರಾಜವಂಶದ ಕಾಲದ ಚಿತ್ರಕಾರ ಮಾ ಯುವಾನ್ ಚಿತ್ರವನ್ನೆಲ್ಲ ಒಂದು ಮೂಲೆಗೆ ಸರಿಸಿ ಉಳಿದ ಜಾಗ ಖಾಲಿ ಬಿಡುತ್ತಿದ್ದ. ಆ ಖಾಲಿಯಲ್ಲೇ ನಮಗೆ ಮಂಜು, ನೀರು, ದೂರ ಎಲ್ಲ ಕಾಣುತ್ತದೆ.

ಸಂಗೀತಕ್ಕೂ ಚಿತ್ರಕ್ಕೂ ಇರುವ ಈ ನಂಟು ಹಳೆಯದು. 6ನೇ ಶತಮಾನದಲ್ಲಿ ಚೀನಾದ ಶ್ಯೆ ಹೆ ಎಂಬಾತ ಚಿತ್ರಕಲೆಗೆ ಆರು ಸೂತ್ರ ಹೇಳಿದ. ಮೊದಲನೆಯದರಲ್ಲೇ 'ಯುನ್' ಎಂಬ ಮಾತಿದೆ. ಅದು ಸದ್ದಿನ ಲೋಕದ ಮಾತು, ಇಂಪಾದ ಅನುರಣನ ಎಂದರ್ಥ. ಚಿತ್ರಕ್ಕೆ ಜೀವ ಇದೆಯೇ ಎಂದು ಅಳೆಯಲು ಅವನಿಗೆ ಸಂಗೀತದ ಮಾತೇ ಬೇಕಾಯಿತು! ಅದಕ್ಕೂ ಮೊದಲು, 5ನೇ ಶತಮಾನದಲ್ಲಿ, ಜೋಂಗ್ ಬಿಂಗ್ ಎಂಬ ಚಿತ್ರಕಾರನಿದ್ದ. ಮುಪ್ಪು, ಕಾಯಿಲೆಯಿಂದ ಬೆಟ್ಟ ಹತ್ತಲಾಗದೆ, ತಾನು ಸುತ್ತಿದ ಬೆಟ್ಟಗಳನ್ನೆಲ್ಲ ಮನೆಯಲ್ಲೇ ಚಿತ್ರಿಸಿಕೊಂಡ. ಅವುಗಳ ಮುಂದೆ ಕೂತು ಗುಚಿನ್ ನುಡಿಸಿ, ಬೆಟ್ಟಗಳೆಲ್ಲ ಮರುದನಿ ಕೊಡಲಿ ಎಂದು ಬಯಸುತ್ತಿದ್ದ. ನನಗೆ ತುಂಬ ಇಷ್ಟವಾದ ಕಥೆ ಇದು.

ಗುಚಿನ್ ಕಲಿಸುವ ಹಳೆಯ ಕೈಪಿಡಿಗಳಲ್ಲೂ ಚಿತ್ರಗಳಿವೆ. ಕೈಯ ಭಂಗಿಯ ಜೊತೆಗೆ ಒಂದು ಹಕ್ಕಿಯನ್ನೋ ಪ್ರಾಣಿಯನ್ನೋ ಬರೆದಿರುತ್ತಾರೆ. ತಂತಿಯನ್ನು ಒತ್ತದೆ ಸುಮ್ನೆ ಸೋಕಿ ಗಂಟೆಯಂಥ ಸ್ವರ ಹೊರಡಿಸುವ ಭಂಗಿಗೆ ಹೂವಿನ ಮೇಲೆ ತೇಲುವ ಬಿಳಿ ಚಿಟ್ಟೆ. ಎಷ್ಟು ಒತ್ತಬೇಕು ಎಂದು ವಿವರಿಸುವ ಅಗತ್ಯವೇ ಇಲ್ಲ.

ಕೇಳಬೇಕು ಅನ್ನಿಸಿದರೆ ಗ್ವಾನ್ ಪಿಂಗ್‌ಹು ನುಡಿಸಿದ 'ಹರಿವ ನೀರು' ಹುಡುಕಿ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ವಾದನ ಅದು. ಮಕ್ಕಳಿಗೆ ಅದನ್ನು ಹಾಕಿ, ಕೈಗೆ ಪೆನ್ಸಿಲ್ ಕೊಟ್ಟು ಸ್ವರದ ದಾರಿ ಗೀಚಲು ಹೇಳುತ್ತೇನೆ. ನಿಯಮ ಒಂದೇ: ನಾದ ಅಡಗಿದಾಗ ಪೆನ್ಸಿಲ್ ಎತ್ತಬಾರದು, ಒತ್ತುವುದನ್ನಷ್ಟೇ ಕಡಿಮೆ ಮಾಡಬೇಕು.